‘ವಾರ್ನ್’ ಅಂತ ಇಟ್ಟಿದ್ದನ್ನು ಯಾರೂ ಓದಲಿಲ್ಲ

ಕೋಡಿನಲ್ಲಿ ತಪ್ಪು ಹುಡುಕುವ ಇಎಸ್‌ಲಿಂಟ್ ಅನ್ನುವ ಟೂಲ್‌ಗೆ ಕಮಾಂಡ್ ಕೊಟ್ಟು ಎಂಟರ್ ಒತ್ತಿದೆ. ಹಳದಿ ಸಾಲುಗಳು ಒಂದೇ ಸಮನೆ ಓಡಿದವು. ನಿಂತಾಗ ಕೊನೆಯಲ್ಲಿ ಕಂಡ ಲೆಕ್ಕ ಇಷ್ಟು: ಸಮಸ್ಯೆಗಳು 4,127. ಅದರಲ್ಲಿ ಎರರ್ ಸೊನ್ನೆ, ಎಲ್ಲವೂ ವಾರ್ನಿಂಗ್. ಎರರ್ ಒಂದೂ ಇಲ್ಲವಲ್ಲ, ಹಾಗಾಗಿ ಸಿಐನಲ್ಲಿ, ಅಂದರೆ ಕಳಿಸಿದ ಕೋಡನ್ನು ತಾನೇ ಪರೀಕ್ಷಿಸುವ ವ್ಯವಸ್ಥೆಯಲ್ಲಿ, ಹಸಿರು ಟಿಕ್. ಮೂರು ವರ್ಷದಿಂದ ಹೀಗೇ ಹಸಿರು.

ನಮ್ಮದು ಅರ್ಧ ಜಾವಾಸ್ಕ್ರಿಪ್ಟ್, ಅರ್ಧ ಟೈಪ್‌ಸ್ಕ್ರಿಪ್ಟ್ (ಟೈಪ್‌ಗಳನ್ನು ಸೇರಿಸಿದ ಜಾವಾಸ್ಕ್ರಿಪ್ಟ್) ಇರುವ ಹಳೇ ಪ್ರಾಜೆಕ್ಟ್. ಇಎಸ್‌ಲಿಂಟ್ ಹಾಕಿದ್ದೆವು. ಹಾಕಿದ್ದೆವು ಅಂದರೆ ಯಾವತ್ತೋ ಯಾರೋ ಹಾಕಿದ್ದರು, ಆಮೇಲೆ ಬಂದವರೆಲ್ಲ ತಮಗೆ ಅಡ್ಡ ಬಂದ ರೂಲ್ ಒಂದೊಂದನ್ನೇ ಎರರ್‌ನಿಂದ ವಾರ್ನಿಂಗ್‌ಗೆ ಇಳಿಸಿ ಮುಂದೆ ಹೋಗಿದ್ದರು. ಇಳಿಸಿದವರಲ್ಲಿ ನಾನೂ ಒಬ್ಬ. ಕೋಡಿನ ಪ್ರತಿ ಬದಲಾವಣೆ ದಾಖಲಿಸುವ ಗಿಟ್‌ನ ಹಿಸ್ಟರಿ ತೆಗೆದು ನೋಡಿದರೆ ಏಳು ಸಲ ನನ್ನ ಹೆಸರೇ ಇದೆ. ಹಾಗಾಗಿ ಇಎಸ್‌ಲಿಂಟ್‌ನ ವರ್ಶನ್ 9ಕ್ಕೆ ಹೋಗೋಣ ಅನ್ನುವ ಮಾತು ಬಂದಾಗ, ಹಾಗೇ ರೂಲ್‌ಗಳನ್ನೂ ಕೂತು ಸರಿಯಾಗಿ ಹೊಂದಿಸಿಬಿಡುತ್ತೇನೆ ಅಂತ ನಾನೇ ಕೈ ಎತ್ತಿದೆ. ಎರಡು ದಿನದ ಕೆಲಸ ಅಂದುಕೊಂಡಿದ್ದೆ. ಮೂರು ವಾರ ಹಿಡಿಯಿತು.

ಲಿಂಟ್ ಅಂದರೆ ಬಟ್ಟೆಗೆ ಅಂಟಿಕೊಳ್ಳುವ ನೂಲಿನ ಜುಂಗು. 1978ರಲ್ಲಿ ಬೆಲ್ ಲ್ಯಾಬ್ಸ್‌ನ ಸ್ಟೀಫನ್ ಜಾನ್ಸನ್ ಅವರು ಸಿ ಭಾಷೆಯ ಕೋಡ್ ಜಾಲಾಡುವ ತಮ್ಮ ಟೂಲ್‌ಗೆ ಆ ಹೆಸರಿಟ್ಟರು. ಆಮೇಲೆ ಈ ಜಾತಿಯ ಟೂಲ್‌ಗಳಿಗೆಲ್ಲ ಅದೇ ಹೆಸರು ಅಂಟಿತು. ಇಎಸ್‌ಲಿಂಟ್ 2013ರಲ್ಲಿ ನಿಕೋಲಸ್ ಝಾಕಸ್ ಶುರು ಮಾಡಿದ್ದು. ಅದರಲ್ಲಿ ಪ್ರತಿ ರೂಲೂ ಬಿಡಿ ಬಿಡಿ. ಯಾವುದನ್ನು ಬೇಕಾದರೂ ಹಾಕಬಹುದು, ತೆಗೆಯಬಹುದು, ನಮ್ಮದೇ ಒಂದು ಬರೆದು ಸೇರಿಸಬಹುದು. ಈ ಸ್ವಾತಂತ್ರ್ಯವೇ ನಮಗೆ ಮುಳುವಾಗಿದ್ದು ಅನ್ನಿ. ಒಂದು ರೂಲ್‌ಗೆ ಮೂರೇ ಮಟ್ಟ: ಆಫ್, ವಾರ್ನ್, ಎರರ್. ಅಂಕಿಯಲ್ಲಿ ಬರೆಯುವುದಾದರೆ 0, 1, 2. ನಮ್ಮ ಫೈಲ್ ತುಂಬ 1.

ಮೊದಲ ಕೆಲಸ, ಹಳೇ ಕಾನ್ಫಿಗ್ (ಯಾವ ರೂಲ್ ಯಾವ ಮಟ್ಟದಲ್ಲಿ ಅಂತ ಬರೆದಿಟ್ಟ ಫೈಲ್) ಎಲ್ಲೆಲ್ಲಿದೆ ಅಂತ ಹುಡುಕುವುದು. ಪ್ರಾಜೆಕ್ಟ್‌ನ ಎಲ್ಲಕ್ಕಿಂತ ಹೊರಗಿನ ಫೋಲ್ಡರಿನಲ್ಲಿ ಒಂದು, ಒಳಗಿನ ಫೋಲ್ಡರ್‌ಗಳಲ್ಲಿ ಮೂರು, ಪ್ಯಾಕೇಜ್ ಫೈಲ್ ಒಳಗೆ ಇನ್ನೊಂದು ತುಂಡು. ಹಳೇ ಪದ್ಧತಿಯಲ್ಲಿ ಒಳಗಿನ ಫೋಲ್ಡರಿನ ಕಾನ್ಫಿಗ್ ಹೊರಗಿನದರ ಮೇಲೆ ಕೂರುತ್ತದೆ, ಅದರ ಹೊರಗಿನದರ ಮೇಲೆ ಅದು, ಹೀಗೆ ಪದರ ಪದರವಾಗಿ. ಯಾವ ಫೈಲ್‌ಗೆ ಕೊನೆಗೆ ಯಾವ ರೂಲ್ ಅನ್ವಯಿಸುತ್ತದೆ ಅಂತ ತಲೆಯಲ್ಲೇ ಲೆಕ್ಕ ಹಾಕಲು ಹೋದರೆ ಸಂಜೆಯಾಗುತ್ತದೆ. 2024ರ ಏಪ್ರಿಲ್‌ನಲ್ಲಿ ಬಂದ ವರ್ಶನ್ 9ರಲ್ಲಿ ಇದು ಬದಲಾಯಿತು. ಈಗ ಒಂದೇ ಫೈಲ್, ಅದರಲ್ಲಿ ಒಂದು ಪಟ್ಟಿ, ಪಟ್ಟಿಯಲ್ಲಿ ಕೆಳಗಿರುವುದು ಮೇಲಿರುವುದನ್ನು ಮೀರುತ್ತದೆ. ಅಷ್ಟೇ. ಫ್ಲಾಟ್ ಕಾನ್ಫಿಗ್ ಅನ್ನುತ್ತಾರೆ.

ಹಳೆಯದನ್ನು ಹೊಸದಕ್ಕೆ ತಾನೇ ಬದಲಾಯಿಸಿ ಕೊಡುವ ಕಮಾಂಡ್ ಒಂದಿದೆ. ಓಡಿಸಿದೆ. ಫೈಲ್ ಬಂತು, ಕೆಲಸವನ್ನೂ ಮಾಡಿತು. ಆದರೆ ಓದಿದರೆ ನನಗೆ ಒಂದಕ್ಷರ ಅರ್ಥವಾಗಲಿಲ್ಲ. ಹಳೇ ಗೋಜಲು ಹಾಗೇ ಹೊಸ ಡಬ್ಬಿಗೆ ಬಂದು ಕೂತಿತ್ತು. ಅರ್ಧ ದಿನ ಅದರ ಜೊತೆ ಗುದ್ದಾಡಿ ಆಮೇಲೆ ಅಳಿಸಿ ಹಾಕಿದೆ, ಖಾಲಿ ಫೈಲಿನಿಂದ ಕೈಯಾರೆ ಬರೆಯಲು ಶುರು ಮಾಡಿದೆ. ನಿಮ್ಮ ಕಾನ್ಫಿಗ್ ಚಿಕ್ಕದಿದ್ದರೆ ಆ ಕಮಾಂಡ್ ಸಾಕು. ಯಾಕೆ ಇದೆ ಅಂತ ಯಾರಿಗೂ ಗೊತ್ತಿಲ್ಲದ ಸಾಲುಗಳು ನೂರಿದ್ದರೆ ಕೈಯಾರೆ ಬರೆಯುವುದೇ ವಾಸಿ ಅಂತ ನನಗನ್ನಿಸಿತು.

ಬರೆಯುವ ಮುಂಚೆ ಈಗ ನಿಜವಾಗಿ ಏನು ನಡೀತಾ ಇದೆ ಅಂತ ತಿಳಿಯಬೇಕಲ್ಲ. ಅದಕ್ಕೆ ಪ್ರಿಂಟ್-ಕಾನ್ಫಿಗ್ ಅಂತ ಒಂದು ಆಪ್ಷನ್ ಇದೆ. ಒಂದು ಫೈಲಿನ ಹೆಸರು ಕೊಟ್ಟರೆ, ಎಲ್ಲ ಪದರಗಳೂ ಸೇರಿ ಆ ಫೈಲ್‌ಗೆ ಕೊನೆಗೆ ಯಾವ ರೂಲ್ ಯಾವ ಮಟ್ಟದಲ್ಲಿ ಬೀಳುತ್ತದೆ ಅಂತ ಪೂರ್ತಿ ಬಿಚ್ಚಿ ತೋರಿಸುತ್ತದೆ. ನಾಲ್ಕು ಬೇರೆ ಬೇರೆ ಫೋಲ್ಡರಿನ ನಾಲ್ಕು ಫೈಲ್‌ಗೆ ಓಡಿಸಿ, ನಾಲ್ಕನ್ನೂ ಅಕ್ಕಪಕ್ಕ ಇಟ್ಟು ನೋಡಿದೆ.

ಅಲ್ಲಿ ಸಿಕ್ಕಿತು ಮೊದಲ ಹುಳುಕು.

ನಮ್ಮಲ್ಲಿ ತಾರೀಖು ಲೆಕ್ಕದ ಹಳೇ ಲೈಬ್ರರಿ ಒಂದಿತ್ತು. ಅದನ್ನು ಇನ್ನು ಬಳಸಬಾರದು ಅಂತ ಎರಡು ವರ್ಷದ ಹಿಂದೆ ತೀರ್ಮಾನಿಸಿ, ನೋ-ರಿಸ್ಟ್ರಿಕ್ಟೆಡ್-ಇಂಪೋರ್ಟ್ಸ್ ರೂಲ್‌ನಲ್ಲಿ ಆ ಹೆಸರು ಸೇರಿಸಿ ಎಲ್ಲರೂ ನಿಶ್ಚಿಂತೆಯಿಂದ ಇದ್ದೆವು. ಆಮೇಲೆ ಇನ್ಯಾರೋ ಯುಐ (ಪರದೆಯ ಮೇಲೆ ಕಾಣುವ ಭಾಗ) ಫೋಲ್ಡರಿನ ಕಾನ್ಫಿಗ್‌ನಲ್ಲಿ ಅದೇ ರೂಲ್ ಬಳಸಿ, ‘ಇಲ್ಲಿಂದ ಡೇಟಾಬೇಸ್ ಫೋಲ್ಡರನ್ನು ನೇರ ಇಂಪೋರ್ಟ್ ಮಾಡಬಾರದು’ ಅಂತ ಇನ್ನೊಂದು ನಿಷೇಧ ಬರೆದಿದ್ದರು. ಎರಡೂ ಸೇರಿಕೊಳ್ಳುತ್ತವೆ ಅಂತಲೇ ಯಾರಾದರೂ ಅಂದುಕೊಳ್ಳುತ್ತಾರೆ, ಅಲ್ವಾ? ಸೇರುವುದಿಲ್ಲ. ಒಂದು ರೂಲ್‌ಗೆ ಎರಡನೇ ಜಾಗದಲ್ಲಿ ಆಪ್ಷನ್ ಸಮೇತ ಬರೆದರೆ ಮೊದಲಿನ ಆಪ್ಷನ್‌ಗಳು ಪೂರ್ತಿ ಹೋಗುತ್ತವೆ. ಬರೀ ಮಟ್ಟ ಬದಲಾಯಿಸಿದರೆ ಮಾತ್ರ, ಅಂದರೆ ಆಪ್ಷನ್ ಏನೂ ಬರೆಯದೆ ಸುಮ್ನೆ ‘ವಾರ್ನ್’ ಅಂತಲೋ ‘ಎರರ್’ ಅಂತಲೋ ಹಾಕಿದರೆ, ಮೊದಲಿನವು ಉಳಿಯುತ್ತವೆ. ಹಾಗಾಗಿ ಎರಡು ವರ್ಷದಿಂದ ಯುಐ ಫೋಲ್ಡರಿನಲ್ಲಿ ಹಳೇ ಲೈಬ್ರರಿಗೆ ಯಾವ ತಡೆಯೂ ಇರಲಿಲ್ಲ. ಹುಡುಕಿದರೆ ಹದಿನಾಲ್ಕು ಫೈಲ್‌ಗಳಲ್ಲಿ ಅದು ಆರಾಮಾಗಿ ಕೂತಿತ್ತು.

ಇದು ಹೊಸ ಪದ್ಧತಿಯಲ್ಲೂ ಹೀಗೇ. ಆದರೆ ಈಗ ಕಾನ್ಫಿಗ್ ಅಂದರೆ ಮಾಮೂಲಿ ಜಾವಾಸ್ಕ್ರಿಪ್ಟ್ ಫೈಲ್ ಆದ್ದರಿಂದ, ನಿಷೇಧಿತ ಹೆಸರುಗಳನ್ನು ಮೇಲೆ ಒಂದು ವೇರಿಯಬಲ್‌ನಲ್ಲಿ ಇಟ್ಟು, ಎರಡೂ ಕಡೆ ಅದನ್ನೇ ಹರಡಿ, ಯುಐಗೆ ಬೇಕಾದ ಹೆಚ್ಚಿನದನ್ನು ಅದರ ಪಕ್ಕ ಸೇರಿಸಿದೆ. ಐದು ಸಾಲಿನ ಕೆಲಸ. ಯಾರಿಗೂ ಗೊತ್ತಿಲ್ಲದೆ ಎರಡು ವರ್ಷ ತೆರೆದಿದ್ದ ಬಾಗಿಲು.

ಎರಡನೇ ಕೆಲಸ ಎಣಿಸುವುದು. 4,127 ಅನ್ನುವ ಸಂಖ್ಯೆ ನೋಡಿದರೆ ಕೈಕಾಲು ತಣ್ಣಗಾಗುತ್ತದೆ, ಆದರೆ ಅದು ಯಾವ ರೂಲ್‌ನಿಂದ ಎಷ್ಟು ಅಂತ ಒಡೆದು ನೋಡಿದರೆ ಬೇರೆಯೇ ಚಿತ್ರ. ಔಟ್‌ಪುಟ್ ಅನ್ನು ಜೇಸನ್ ರೂಪದಲ್ಲಿ ತೆಗೆದು, ಹತ್ತು ಸಾಲಿನ ಸ್ಕ್ರಿಪ್ಟ್ ಬರೆದು ರೂಲ್ ಹೆಸರಿನ ಪ್ರಕಾರ ಗುಂಪು ಮಾಡಿದೆ. ಮ್ಯಾಕ್ಸ್-ಲೆನ್ 1,204. ‘ಯಾವ ಟೈಪ್ ಆದರೂ ಸರಿ’ ಅಂತ ಬಿಡುವ ‘ಎನಿ’ ಬೇಡ ಅನ್ನುವ ನೋ-ಎಕ್ಸ್‌ಪ್ಲಿಸಿಟ್-ಎನಿ 983. ಬಳಸದ ವೇರಿಯಬಲ್ ಹಿಡಿಯುವ ನೋ-ಅನ್‌ಯೂಸ್ಡ್-ವಾರ್ಸ್ 640. ಕನ್ಸೋಲ್‌ಗೆ ಬರೆಯಬೇಡ ಅನ್ನುವ ನೋ-ಕನ್ಸೋಲ್ 388. ಕೋಟ್ಸ್ 305. ಈ ಐದೇ ರೂಲ್ ಸೇರಿ 3,520. ಉಳಿದ 607 ಮಾತ್ರ ನಲವತ್ತೊಂದು ರೂಲ್‌ಗಳಿಗೆ ಹಂಚಿಹೋಗಿತ್ತು. ಮೂರು ವರ್ಷ ನಾವು ಹೆದರಿದ್ದು ಐದು ರೂಲ್‌ಗೆ.

ಅದರಲ್ಲೂ ಮ್ಯಾಕ್ಸ್-ಲೆನ್ ಮತ್ತು ಕೋಟ್ಸ್ ಎರಡೂ ಬರೀ ಕೋಡಿನ ಅಲಂಕಾರಕ್ಕೆ ಸೇರಿದವು. ಸಾಲು ಎಷ್ಟುದ್ದ, ಉದ್ಧರಣ ಚಿಹ್ನೆ ಒಂಟಿಯೋ ಜೋಡಿಯೋ, ಇಂಥವು. ಇಎಸ್‌ಲಿಂಟ್ ತಂಡದವರೇ 2023ರಲ್ಲಿ ಈ ಫಾರ್ಮ್ಯಾಟಿಂಗ್ ರೂಲ್‌ಗಳನ್ನು ಹಳತೆಂದು ಬದಿಗಿಟ್ಟರು. ನಮ್ಮಲ್ಲಿ ಆ ಕೆಲಸಕ್ಕೆ ಪ್ರಿಟಿಯರ್ ಅನ್ನುವ ಟೂಲ್ ಬೇರೆ ಇದೆ. ಒಂದೇ ಕೆಲಸಕ್ಕೆ ಇಬ್ಬರು ಯಾಕೆ? ಎರಡನ್ನೂ ತೆಗೆದೆ. 1,509 ಒಂದೇ ಏಟಿಗೆ ಹೋದವು. ಒಂದು ಸಾಲು ಕೋಡನ್ನೂ ಮುಟ್ಟದೆ.

ಆದರೆ ಇಲ್ಲೊಂದು ಎಡವಟ್ಟು ಮಾಡಿಕೊಂಡೆ. ಪ್ರಿಟಿಯರ್ ಜೊತೆ ಜಗಳವಾಡುವ ರೂಲ್‌ಗಳನ್ನೆಲ್ಲ ಆಫ್ ಮಾಡುವ ಸಿದ್ಧ ಕಾನ್ಫಿಗ್ ಒಂದು ಸಿಗುತ್ತದೆ. ಅದನ್ನು ತಂದು ಪಟ್ಟಿಯ ಮೇಲ್ಭಾಗದಲ್ಲಿ ಹಾಕಿದೆ. ಕೆಳಗೆ ನಾವು ಹಂಚಿಕೊಂಡಿದ್ದ ಇನ್ನೊಂದು ಪ್ರಿಸೆಟ್ (ಸಿದ್ಧ ರೂಲ್‌ಗಳ ಕಟ್ಟು) ಇತ್ತು. ಅದು ಆಫ್ ಆದದ್ದನ್ನೆಲ್ಲ ಮತ್ತೆ ಆನ್ ಮಾಡಿತು. ಮಾರನೇ ದಿನ ಗೆಳೆಯನೊಬ್ಬ ಕರೆದ: ‘ಬಾರೋ ಇಲ್ಲಿ, ಏನು ಮಾಡಿಟ್ಟಿದ್ದೀಯ ನೋಡು.’ ಅವನು ಫೈಲ್ ಸೇವ್ ಮಾಡಿದರೆ ಒಂಟಿ ಚಿಹ್ನೆ ಜೋಡಿಯಾಗುತ್ತಿತ್ತು, ಇನ್ನೊಮ್ಮೆ ಸೇವ್ ಮಾಡಿದರೆ ಜೋಡಿ ಒಂಟಿಯಾಗುತ್ತಿತ್ತು. ಕೆಳಗಿರುವುದು ಮೇಲಿನದನ್ನು ಮೀರುತ್ತದೆ ಅಂತ ನಾನೇ ಅವನಿಗೆ ಹಿಂದಿನ ದಿನ ಪಾಠ ಮಾಡಿದ್ದೆ. ಆ ಕಾನ್ಫಿಗ್ ಪಟ್ಟಿಯ ಕಟ್ಟಕಡೆಯಲ್ಲಿ ಇರಬೇಕು. ಸರಿಸಿದ ಮೇಲೆ ಜಗಳ ನಿಂತಿತು.

ಇನ್ನೊಂದು ಎಡವಟ್ಟು ಇದಕ್ಕಿಂತ ದೊಡ್ಡದು. ಹೊಸ ಪದ್ಧತಿಯಲ್ಲಿ ಹಳೇ ಇಗ್ನೋರ್ ಫೈಲನ್ನು ಓದುವುದಿಲ್ಲ. ಬಿಡಬೇಕಾದ ಫೋಲ್ಡರ್‌ಗಳನ್ನೂ ಕಾನ್ಫಿಗ್ ಒಳಗೇ ಬರೆಯಬೇಕು. ನಾನು ನನ್ನ ರೂಲ್‌ಗಳಿರುವ ಬ್ಲಾಕಿನಲ್ಲೇ ‘ಇಗ್ನೋರ್ಸ್’ ಅಂತ ಬಿಲ್ಡ್ ಫೋಲ್ಡರಿನ ಹೆಸರು ಬರೆದೆ. ಓಡಿಸಿದೆ. ಮೂವತ್ತೆಂಟು ಸಾವಿರ ಸಮಸ್ಯೆ! ಮೊದಲು ನಗು ಬಂತು, ಆಮೇಲೆ ಗಾಬರಿ. ವಿಷಯ ಏನೆಂದರೆ, ಆ ಬ್ಲಾಕಿನಲ್ಲಿ ‘ಇಗ್ನೋರ್ಸ್’ ಒಂದೇ ಇದ್ದರೆ ಅದು ಇಡೀ ಪ್ರಾಜೆಕ್ಟ್‌ಗೆ ಅನ್ವಯಿಸುತ್ತದೆ. ಜೊತೆಯಲ್ಲಿ ರೂಲ್‌ಗಳೋ ಇನ್ನೇನೋ ಇದ್ದರೆ ‘ಈ ಬ್ಲಾಕಿನ ರೂಲ್‌ಗಳನ್ನು ಮಾತ್ರ ಅಲ್ಲಿಗೆ ಹಾಕಬೇಡ’ ಅಂತ ಅರ್ಥವಾಗುತ್ತದೆ. ಉಳಿದ ಬ್ಲಾಕುಗಳ ರೂಲ್‌ಗಳು ಬಿಲ್ಡ್ ಫೋಲ್ಡರಿಗೆ ನುಗ್ಗಿ, ಮಶಿನ್ ಬರೆದ ಕುಗ್ಗಿಸಿದ ಕೋಡನ್ನೆಲ್ಲ ತಿದ್ದಲು ಹೊರಟಿದ್ದವು. ಒಂದೇ ಪದ, ಜೊತೆಗಾರರು ಯಾರು ಅನ್ನುವುದರ ಮೇಲೆ ಅರ್ಥ ಬೇರೆ. ಇದನ್ನು ಓದಿದ ನೆನಪಿತ್ತು, ಆದರೂ ಬರೆಯುವಾಗ ಮರೆತೆ.

ಈಗ ಉಳಿದಿದ್ದು 2,618, ಮತ್ತು ನಿಜವಾದ ಪ್ರಶ್ನೆ. ಯಾವ ರೂಲ್ ಇರಬೇಕು?

ಟೀಮಿನವರೆಲ್ಲ ಒಂದು ಗಂಟೆ ಕೂತೆವು. ನಾನು ಒಂದೊಂದೇ ರೂಲ್ ತೋರಿಸಿ ಒಂದೇ ಪ್ರಶ್ನೆ ಕೇಳಿದೆ: ‘ಇದು ಮುರಿದಿದೆ ಅಂತ ಪಕ್ಕದವರ ಮರ್ಜ್, ಅಂದರೆ ಅವರ ಕೋಡ್ ಮುಖ್ಯ ಕೋಡಿಗೆ ಸೇರುವುದನ್ನು, ನಿಲ್ಲಿಸುತ್ತೀರಾ?’ ನಿಲ್ಲಿಸುತ್ತೇವೆ ಅಂದರೆ ಎರರ್. ಇಲ್ಲ ಅಂದರೆ ಆಫ್. ನಡುವಿನ ಹಳದಿ ಬೇಡವೇ ಬೇಡ ಅಂದೆ. ಇದಕ್ಕೆ ನಮ್ಮ ಲೀಡ್ ಒಪ್ಪಲಿಲ್ಲ. ‘ಹಳೇ ಕೋಡ್ ಇಷ್ಟಿದೆ, ಒಂದೇ ದಿನ ಎಲ್ಲ ಎರರ್ ಮಾಡಿದರೆ ಕೆಲಸ ನಿಂತುಹೋಗುತ್ತೆ. ನಿಧಾನಕ್ಕೆ ಸರಿ ಮಾಡಲಿ ಅಂತಲೇ ವಾರ್ನ್ ಇರೋದು ಅಲ್ವಾ?’ ಅಂದರು. ಮಾತು ಸರಿಯೇ. ಆದರೆ ನಾವು ಮೂರು ವರ್ಷದಿಂದ ಆ ನಿಧಾನಕ್ಕೇ ಕಾಯುತ್ತಿದ್ದೇವೆ. ಕಳೆದ ಆರು ತಿಂಗಳಲ್ಲಿ ವಾರ್ನಿಂಗ್ ಕಡಿಮೆ ಮಾಡಲೆಂದೇ ಮಾಡಿದ ಕಮಿಟ್ (ಗಿಟ್‌ನಲ್ಲಿ ದಾಖಲಾದ ಬದಲಾವಣೆ) ಎಷ್ಟು ಅಂತ ನೋಡಿದೆವು. ಎರಡು. ಎರಡನ್ನೂ ಮಾಡಿದ್ದು ಹೊಸದಾಗಿ ಸೇರಿದ ಹುಡುಗಿ, ಅವರ ಮೊದಲನೇ ವಾರದಲ್ಲಿ. ಎರಡನೇ ವಾರಕ್ಕೆ ಅವರಿಗೂ ಹಳದಿ ಕಾಣುವುದು ನಿಂತಿತ್ತು ಅನ್ನಿಸುತ್ತದೆ.

ಈ ಜಗಳ ಬಗೆಹರಿಸಿದ್ದು ವರ್ಶನ್ 9.24ರಲ್ಲಿ, 2025ರ ಏಪ್ರಿಲ್‌ನಲ್ಲಿ ಬಂದ ಒಂದು ಸೌಲಭ್ಯ. ರೂಲನ್ನು ಎರರ್ ಮಟ್ಟಕ್ಕೇ ಏರಿಸಿ, ಸಪ್ರೆಸ್-ಆಲ್ ಅಂತ ಒಮ್ಮೆ ಓಡಿಸಿದರೆ, ಈಗಿರುವ ತಪ್ಪುಗಳನ್ನೆಲ್ಲ ಒಂದು ಫೈಲ್‌ನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಯಾವ ಫೈಲ್‌ನಲ್ಲಿ ಯಾವ ರೂಲ್ ಎಷ್ಟು ಸಲ ಮುರಿದಿದೆ ಅಂತ ಬರೀ ಎಣಿಕೆ. ಹಳೇ ಸಾಲ ಮಾಫಿ ಅಲ್ಲ, ಬರೆದಿಟ್ಟ ಸಾಲ. ಅದಕ್ಕಿಂತ ಒಂದು ಜಾಸ್ತಿಯಾದರೂ ಆ ಫೈಲಿನಲ್ಲಿ ಆ ರೂಲ್‌ನ ಎಲ್ಲ ತಪ್ಪುಗಳೂ ಕೆಂಪಾಗಿ ಎದ್ದು ಕಾಣುತ್ತವೆ. ಹೊಸ ಕೋಡ್‌ಗೆ ಕಟ್ಟುನಿಟ್ಟು, ಹಳೆಯದಕ್ಕೆ ಬಿಡುವು. ಲೀಡ್ ಒಪ್ಪಿದರು. 983 ‘ಎನಿ’ಗಳು ಹೀಗೆ ಆ ಪಟ್ಟಿ ಸೇರಿದವು. ಅವನ್ನು ಈಗಲೇ ತೆಗೆಯುತ್ತೇನೆ ಅಂತ ಹೊರಟಿದ್ದರೆ ನಾನು ಇದನ್ನು ಬರೆಯುವುದಕ್ಕೂ ಬಿಡುವಾಗುತ್ತಿರಲಿಲ್ಲ.

ಇದರಲ್ಲೂ ಒಂದು ತಮಾಷೆ. ಮೊದಲ ವಾರ ಹಳೇ ಫೈಲೊಂದರಲ್ಲಿ ನಾಲ್ಕು ತಪ್ಪು ಸರಿ ಮಾಡಿ ಕಳಿಸಿದೆ, ಸಿಐ ಕೆಂಪಾಯಿತು. ಯಾಕಪ್ಪಾ ಅಂತ ನೋಡಿದರೆ, ‘ಪಟ್ಟಿಯಲ್ಲಿ ಬರೆದಷ್ಟು ತಪ್ಪು ಈಗ ಇಲ್ಲ, ಪಟ್ಟಿಯನ್ನು ಕತ್ತರಿಸಿ ಸರಿ ಮಾಡಿ’ ಅನ್ನುತ್ತಿದೆ. ಒಳ್ಳೇ ಕೆಲಸ ಮಾಡಿದ್ದಕ್ಕೆ ಬೈಸಿಕೊಂಡ ಹಾಗಾಯಿತು. ಅದಕ್ಕೆ ಪ್ರೂನ್-ಸಪ್ರೆಶನ್ಸ್ ಅಂತ ಇನ್ನೊಂದು ಆಪ್ಷನ್ ಇದೆ, ಓಡಿಸಿದರೆ ಪಟ್ಟಿ ಚಿಕ್ಕದಾಗುತ್ತದೆ. ಯೋಚಿಸಿದರೆ ಇದು ಸರಿಯಾದ ನಡವಳಿಕೆಯೇ. ಇಳಿದ ಎಣಿಕೆ ಇಳಿದೇ ಇರಬೇಕು, ಇಲ್ಲದಿದ್ದರೆ ನಾನು ನಾಲ್ಕು ಸರಿ ಮಾಡಿದ ಜಾಗಕ್ಕೆ ನಾಳೆ ಇನ್ನೊಬ್ಬರು ನಾಲ್ಕು ಹೊಸದು ತಂದು ಕೂರಿಸುತ್ತಾರೆ, ಯಾರಿಗೂ ಗೊತ್ತಾಗುವುದಿಲ್ಲ.

ನೋ-ಅನ್‌ಯೂಸ್ಡ್-ವಾರ್ಸ್ ಮಾತ್ರ ಪಟ್ಟಿಗೆ ಹಾಕದೆ ಕೂತು ತೆಗೆದೆ. ನಾಲ್ಕು ದಿನ. ಟೈಪ್‌ಸ್ಕ್ರಿಪ್ಟ್ ಫೈಲ್‌ಗಳಿಗೆ ಮೂಲ ರೂಲನ್ನು ಆಫ್ ಮಾಡಿ, ಟೈಪ್‌ಸ್ಕ್ರಿಪ್ಟ್ ಪ್ಲಗಿನ್‌ನಲ್ಲಿರುವ ಅದೇ ಹೆಸರಿನ ರೂಲ್ ಹಾಕಬೇಕು. ನಮ್ಮಲ್ಲಿ ಎರಡೂ ಆನ್ ಇದ್ದವು, ಹಾಗಾಗಿ ಎಷ್ಟೋ ತಪ್ಪು ಎರಡೆರಡು ಸಲ ಎಣಿಕೆಯಾಗಿತ್ತು. ಅದನ್ನು ಸರಿ ಮಾಡಿದಾಗ ಸಂಖ್ಯೆ ಇಳಿಯಿತು, ಸಂತೋಷಪಟ್ಟೆ. ಆದರೆ ವರ್ಶನ್ 9ರಲ್ಲಿ ಇದರ ಮೂಲ ವರ್ತನೆಯೇ ಸ್ವಲ್ಪ ಬದಲಾಗಿದೆ. ಮೊದಲು ಕ್ಯಾಚ್ ಬ್ಲಾಕಿನಲ್ಲಿ, ಅಂದರೆ ಪ್ರೋಗ್ರಾಂ ಎಡವಿದಾಗ ಓಡುವ ಭಾಗದಲ್ಲಿ, ಹಿಡಿದ ಎರರನ್ನು ಬಳಸದಿದ್ದರೂ ಸುಮ್ಮನಿರುತ್ತಿತ್ತು, ಈಗ ಅದನ್ನೂ ಹಿಡಿಯುತ್ತದೆ. ಎಪ್ಪತ್ತು ಹೊಸವು ಎದ್ದವು. ಅದನ್ನು ಹಳೇ ರೀತಿಗೆ ತಿರುಗಿಸುವ ಆಪ್ಷನ್ ಇದೆ, ಬೆರಳು ಅದರ ಮೇಲೇ ಇತ್ತು. ಆಮೇಲೆ ಆ ಎಪ್ಪತ್ತನ್ನೂ ಒಂದು ಸುತ್ತು ಓದಿ ನೋಡೋಣ ಅನ್ನಿಸಿತು. ಅರವತ್ತರಷ್ಟು ಕಡೆ ನಿಜಕ್ಕೂ ಎರರ್ ಏನೆಂದು ಬೇಕಿರಲಿಲ್ಲ. ಅಲ್ಲಿ ಹೆಸರೇ ಇಲ್ಲದ ಕ್ಯಾಚ್ ಬರೆದೆ, 2019ರಿಂದ ಭಾಷೆಯಲ್ಲೇ ಅದಕ್ಕೆ ಅವಕಾಶವಿದೆ. ಉಳಿದ ಕಡೆ ಯಾರೋ ಎರರ್ ಹಿಡಿದು ಸದ್ದಿಲ್ಲದೆ ನುಂಗಿದ್ದರು, ಲಾಗ್ ಕೂಡ ಇಲ್ಲ.

ಬೇಕೆಂದೇ ಬಳಸದ ಪ್ಯಾರಾಮೀಟರ್‌ಗಳಿಗೆ, ಹೆಸರು ಅಂಡರ್‌ಸ್ಕೋರಿನಿಂದ ಶುರುವಾದರೆ ಬಿಟ್ಟುಬಿಡು ಅಂತ ಆಪ್ಷನ್ ಕೊಟ್ಟೆ. ಕೊಟ್ಟ ಮೇಲೆ ನಾನು ಮಾಡಿದ ತಪ್ಪೇನೆಂದರೆ, ಬೇಸರದಲ್ಲಿ ಎದುರಿಗೆ ಬಂದದ್ದಕ್ಕೆಲ್ಲ ಅಂಡರ್‌ಸ್ಕೋರ್ ಹಾಕುತ್ತಾ ಹೋದದ್ದು. ಒಂದು ಕಡೆ ಟೈಮ್‌ಝೋನ್ ಅನ್ನುವ ಪ್ಯಾರಾಮೀಟರ್ ಇತ್ತು. ಮೂರು ಫಂಕ್ಷನ್ ದಾಟಿ ನಾಲ್ಕನೆಯದಕ್ಕೆ ಬಂದು, ಅಲ್ಲಿ ಯಾರೂ ಅದನ್ನು ಮುಟ್ಟುತ್ತಿರಲಿಲ್ಲ. ನಾನು ಅದಕ್ಕೂ ಅಂಡರ್‌ಸ್ಕೋರ್ ಹಾಕಿ ಮುಂದೆ ಹೋಗಿದ್ದೆ. ರಿವ್ಯೂ ಮಾಡಿದವರು ಕೇಳಿದರು: ‘ಬಳಸದೇ ಇದ್ದರೆ ಮೂರು ಫಂಕ್ಷನ್ ದಾಟಿಸಿ ಯಾಕೆ ಕಳಿಸಿದ್ದಾರೆ?’ ನೋಡಿದರೆ ವರದಿಯ ತಾರೀಖು ಕೆಲವರಿಗೆ ಒಂದು ದಿನ ಹಿಂದೆ ತೋರಿಸುತ್ತಿದ್ದ ಹಳೇ ದೂರಿಗೆ ಇದೇ ಕಾರಣ. ಟೂಲ್ ಬೆರಳು ಮಾಡಿ ತೋರಿಸಿತ್ತು, ನಾನು ಆ ಬೆರಳಿಗೆ ಬಟ್ಟೆ ಸುತ್ತಿದ್ದೆ.

ಎಕ್ ಎಕ್ ಎಕ್ ಅಂತ ನಾವು ಕರೆಯುವ ಇಕ್ಯುಇಕ್ಯುಇಕ್ಯು ರೂಲ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎರಡು ಸಮ ಚಿಹ್ನೆಯ ಬದಲು ಮೂರು ಬಳಸಿ ಅನ್ನುವ ರೂಲ್ ಅದು. ಟೂಲ್ ತಾನೇ ಸರಿ ಮಾಡುವುದು ಖಚಿತವಾಗಿ ಅಪಾಯವಿಲ್ಲದ ಕೆಲವು ಕಡೆ ಮಾತ್ರ, ಉಳಿದದ್ದನ್ನು ನಮಗೇ ಬಿಡುತ್ತದೆ. ಆ ಸಂಯಮ ನನಗಿರಲಿಲ್ಲ. ಎಡಿಟರ್‌ನಲ್ಲಿ ಹುಡುಕಿ ಬದಲಿಸುವ ಕಮಾಂಡ್ ಕೊಟ್ಟು ಎಲ್ಲವನ್ನೂ ಮೂರಾಗಿಸಿದೆ. ನಲ್ (ಬೆಲೆ ಇಲ್ಲ ಅನ್ನುವ ಗುರುತು) ಜೊತೆ ಎರಡು ಸಮ ಚಿಹ್ನೆ ಬಳಸಿದರೆ ನಲ್ ಮತ್ತು ಅನ್‌ಡಿಫೈನ್ಡ್ (ಬೆಲೆಯನ್ನೇ ಕೊಟ್ಟಿಲ್ಲ) ಎರಡೂ ಹಿಡಿಯುತ್ತದೆ, ಹಳಬರು ಬೇಕೆಂದೇ ಹಾಗೆ ಬರೆದಿದ್ದರು. ಖಾಲಿ ಬಿಟ್ಟ ಫಾರ್ಮ್ ಕಳಿಸಿದರೆ ಪೇಜ್ ಬಿದ್ದುಹೋಯಿತು. ಹಿಂದಕ್ಕೆ ತೆಗೆದು, ‘ನಲ್ ಹೋಲಿಕೆಯನ್ನು ಬಿಡು’ ಅನ್ನುವ ಆಪ್ಷನ್ ಹಾಕಿ ಕೈ ಮುಗಿದೆ.

ಈಗ ಟೈಪ್ ನೋಡುವ ರೂಲ್‌ಗಳ ಕಥೆ. ಮಾಮೂಲಿ ರೂಲ್‌ಗಳು ಒಂದು ಫೈಲನ್ನು ಓದಿ ಅದರ ರಚನೆ ಮಾತ್ರ ನೋಡುತ್ತವೆ. ಟೈಪ್‌ಸ್ಕ್ರಿಪ್ಟ್ ಪ್ಲಗಿನ್‌ನ ಕೆಲವು ರೂಲ್‌ಗಳಿಗೆ ಅಷ್ಟು ಸಾಲದು, ಯಾವ ಫಂಕ್ಷನ್ ಏನು ಕೊಡುತ್ತದೆ ಅಂತ ತಿಳಿಯಲು ಇಡೀ ಪ್ರಾಜೆಕ್ಟ್‌ನ ಟೈಪ್ ಮಾಹಿತಿ ಬೇಕು. ನನಗೆ ಬೇಕಿದ್ದದ್ದು ನೋ-ಫ್ಲೋಟಿಂಗ್-ಪ್ರಾಮಿಸಸ್ ಒಂದೇ. ಪ್ರಾಮಿಸ್ (ಫಲಿತಾಂಶ ಆಮೇಲೆ ಬರುತ್ತದೆ ಅನ್ನುವ ಮಾತು) ಕೊಡುವ ಫಂಕ್ಷನ್ ಕರೆದು, ಅವೇಟ್ ಮಾಡದೆ, ಅಂದರೆ ಅದು ಮುಗಿಯಲು ಕಾಯದೆ, ತಪ್ಪಾದರೆ ಏನು ಅಂತಲೂ ಹೇಳದೆ ಹಾಗೇ ಬಿಟ್ಟರೆ ಅದು ಹಿಡಿಯುತ್ತದೆ. ಆನ್ ಮಾಡಿದೆ. 22 ಸೆಕೆಂಡಿನಲ್ಲಿ ಮುಗಿಯುತ್ತಿದ್ದ ಓಟ 1 ನಿಮಿಷ 50 ಸೆಕೆಂಡಿಗೆ ಹೋಯಿತು. ಟೀಮಿನಲ್ಲಿ ಗೊಣಗಾಟ ಶುರು.

ಟೈಮಿಂಗ್ ಅನ್ನುವ ಎನ್ವಿರಾನ್ಮೆಂಟ್ ವೇರಿಯಬಲ್‌ಗೆ 1 ಕೊಟ್ಟು ಓಡಿಸಿದರೆ ಅತಿ ನಿಧಾನದ ಹತ್ತು ರೂಲ್‌ಗಳ ಪಟ್ಟಿ ಬರುತ್ತದೆ. ಮೇಲಿದ್ದದ್ದನ್ನು ಆಫ್ ಮಾಡಿದೆ. ಎರಡನೆಯದು ಮೇಲಕ್ಕೆ ಬಂತು, ಹೆಚ್ಚೂಕಡಿಮೆ ಅಷ್ಟೇ ಸಮಯ ಹೊತ್ತುಕೊಂಡು. ಅದನ್ನೂ ಆಫ್ ಮಾಡಿದೆ. ಮೂರನೆಯದು ಬಂತು, ಅದೇ ಕಥೆ. ಆಗ ಹೊಳೆಯಿತು, ಸಮಯ ತಿನ್ನುತ್ತಿರುವುದು ರೂಲ್ ಅಲ್ಲ, ಟೈಪ್ ಮಾಹಿತಿ ಕಟ್ಟುವ ಕೆಲಸ. ಯಾವ ರೂಲ್ ಮೊದಲು ಕೇಳುತ್ತದೋ ಅದರ ತಲೆಗೆ ಬಿಲ್ ಬೀಳುತ್ತದೆ. ಅಂದರೆ ಟೈಪ್ ನೋಡುವ ರೂಲ್ ಒಂದಿದ್ದರೂ ಅಷ್ಟೇ, ಹತ್ತಿದ್ದರೂ ಸುಮಾರು ಅಷ್ಟೇ. ಹಾಗಾದರೆ ಯಾಕೆ ಬಿಡಬೇಕು ಅಂತ ಇನ್ನೂ ಮೂರು ಆನ್ ಮಾಡಿದೆ! ಬದಲಿಗೆ, ಮೂಲ ಕೋಡ್ ಇರುವ ಫೋಲ್ಡರಿಗೆ ಮಾತ್ರ ಇವು ಬೀಳುವ ಹಾಗೆ ಬ್ಲಾಕ್ ಬೇರೆ ಮಾಡಿದೆ. ಟೆಸ್ಟ್, ಸ್ಕ್ರಿಪ್ಟ್, ಕಾನ್ಫಿಗ್ ಫೈಲ್‌ಗಳು ಹೊರಗೆ. ಒಂದು ನಿಮಿಷದೊಳಗೆ ಬಂತು. ಹಿಂದಿನ ಓಟದ ಫಲಿತಾಂಶ ಉಳಿಸಿಡುವ ಕ್ಯಾಶ್ ಆನ್ ಮಾಡಿದರೆ ಇನ್ನೂ ಬೇಗ ಆಗುತ್ತದೆ ಅಂತ ಸಲಹೆ ಬಂತು, ನಿಜ, ಆದರೆ ಆ ಕ್ಯಾಶ್ ಬದಲಾದ ಫೈಲನ್ನು ಮಾತ್ರ ಮತ್ತೆ ನೋಡುತ್ತದೆ. ಒಂದು ಫೈಲಿನ ಟೈಪ್ ಬದಲಾದಾಗ ತಪ್ಪು ಹುಟ್ಟುವುದು ಮುಟ್ಟದೇ ಇರುವ ಇನ್ನೊಂದು ಫೈಲಿನಲ್ಲಿ. ಹಾಗಾಗಿ ಸಿಐನಲ್ಲಿ ಕ್ಯಾಶ್ ಇಲ್ಲ, ಬೇಕಾದವರು ತಮ್ಮ ಮಶಿನ್‌ನಲ್ಲಿ ಹಾಕಿಕೊಳ್ಳಲಿ ಅಂತ ಬಿಟ್ಟೆ.

ಆ ರೂಲ್ 31 ಜಾಗ ತೋರಿಸಿತು. 27 ಕಡೆ ಕಾಯುವ ಅಗತ್ಯವಿರಲಿಲ್ಲ, ಬಳಕೆಯ ಲೆಕ್ಕ ಕಳಿಸುವಂಥವು. ಅವುಗಳ ಮುಂದೆ ವಾಯ್ಡ್ ಅಂತ ಬರೆದರೆ ‘ಗೊತ್ತಿದ್ದೇ ಬಿಟ್ಟಿದ್ದೇನೆ’ ಅಂತ ಅರ್ಥ, ರೂಲ್ ಸುಮ್ಮನಾಗುತ್ತದೆ. ಉಳಿದ ನಾಲ್ಕರಲ್ಲಿ ಒಂದು, ಬಳಕೆದಾರರ ಸೆಟ್ಟಿಂಗ್ಸ್ ಉಳಿಸುವ ಜಾಗ. ಉಳಿಸು ಅಂತ ಹೇಳಿ, ಮುಗಿಯುವುದಕ್ಕೆ ಕಾಯದೆ, ಮುಂದಿನ ಪೇಜ್‌ಗೆ ಕಳಿಸುತ್ತಿದ್ದೆವು. ನೆಟ್ ಚೆನ್ನಾಗಿದ್ದರೆ ಉಳಿಯುತ್ತಿತ್ತು. ‘ಒಮ್ಮೊಮ್ಮೆ ಸೇವ್ ಆಗಲ್ಲ’ ಅಂತ ಆರು ತಿಂಗಳಿಂದ ದೂರು ಬರುತ್ತಿತ್ತು, ನಾವು ಪ್ರತಿ ಸಲ ನಮ್ಮಲ್ಲಿ ಆಡಿಸಿ ನೋಡಿ ‘ನಮ್ಮಲ್ಲಿ ಸರಿ ಬರ್ತಿದೆ’ ಅಂತ ಮುಚ್ಚುತ್ತಿದ್ದೆವು. ಒಂದು ಅವೇಟ್ ಸೇರಿಸಿದೆ. ಆ ಸಾಲು ಬರೆದವರ ಹೆಸರು ನೋಡಲು ಹೋಗಲಿಲ್ಲ. ಹೋಗಲಿಲ್ಲ ಅಂದರೆ, ಹೋದೆ. ನನ್ನದಲ್ಲ, ಈ ಸಲ.

ಆಫ್ ಮಾಡಿದ್ದರಲ್ಲಿ ನನಗೆ ಹೆಚ್ಚು ಸಮಾಧಾನ ಕೊಟ್ಟಿದ್ದು ಒಂದು ಫಂಕ್ಷನ್ ಎಷ್ಟು ಸಾಲು ಇರಬಹುದು ಅನ್ನುವ ರೂಲ್. ಮೂಲ ಮಿತಿ 50 ಸಾಲು. ಅದು ಎರರ್ ಆಗಿದ್ದ ಕಾಲದಲ್ಲಿ ನಮ್ಮವರು ಉದ್ದ ಫಂಕ್ಷನ್ ಬಂದಾಗ ಏನು ಮಾಡಿದ್ದರು ಗೊತ್ತಾ? ನಡುವಿಗೆ ಕತ್ತರಿ ಹಾಕಿ ‘ಭಾಗ ಒಂದು’, ‘ಭಾಗ ಎರಡು’ ಅಂತ ಹೆಸರಿಟ್ಟಿದ್ದರು. ಓದುವವರಿಗೆ ಇದರಿಂದ ಕಷ್ಟ ಜಾಸ್ತಿಯಾಯಿತೇ ಹೊರತು ಕಡಿಮೆಯಾಗಲಿಲ್ಲ. ಕವಲುಗಳನ್ನು ಎಣಿಸುವ ಕಾಂಪ್ಲೆಕ್ಸಿಟಿ ರೂಲನ್ನು ಮಾತ್ರ ಅದರ ಮೂಲ ಮಿತಿ 20ಕ್ಕೇ ಬಿಟ್ಟು ಎರರ್ ಮಾಡಿದೆವು. ನೋ-ಕನ್ಸೋಲ್ ಕೂಡ ಎರರ್, ಆದರೆ ಸ್ಕ್ರಿಪ್ಟ್ ಫೋಲ್ಡರಿಗೆ ಆಫ್. ಟರ್ಮಿನಲ್‌ನಲ್ಲಿ ಓಡುವ ಸ್ಕ್ರಿಪ್ಟ್ ಇನ್ನೆಲ್ಲಿ ಬರೆಯಬೇಕು?

ಟೂಲ್ ತಾನೇ ಸರಿ ಮಾಡಬಲ್ಲ ಸಣ್ಣಪುಟ್ಟವನ್ನು ಫಿಕ್ಸ್ ಕೊಟ್ಟು ಒಂದೇ ಕಮಿಟ್‌ನಲ್ಲಿ ಹಾಕಿದೆ. 318 ಫೈಲ್. ಆ ಕಮಿಟ್‌ನಲ್ಲಿ ಕೈಯಿಂದ ಮಾಡಿದ ಬದಲಾವಣೆ ಒಂದೂ ಇಲ್ಲ, ಇದು ಮುಖ್ಯ. ಆಮೇಲೆ ಅದರ ಗುರುತನ್ನು ಒಂದು ಫೈಲ್‌ನಲ್ಲಿ ಬರೆದು, ಬ್ಲೇಮ್ (ಯಾವ ಸಾಲು ಯಾರು ಬರೆದದ್ದು ಅನ್ನುವ ಪಟ್ಟಿ) ನೋಡುವಾಗ ಇದನ್ನು ದಾಟಿ ಹಿಂದಿನದನ್ನು ತೋರಿಸು ಅಂತ ಗಿಟ್‌ಗೆ ಹೇಳಿದೆ. 2019ರಲ್ಲಿ ಬಂದ ಗಿಟ್ 2.23ರಿಂದ ಈ ಸೌಲಭ್ಯ ಇದೆ. ಇಲ್ಲದಿದ್ದರೆ ಯಾವ ಸಾಲು ಕೇಳಿದರೂ ನನ್ನ ಹೆಸರು ಬರುತ್ತಿತ್ತು.

ಕೊನೆಗೆ ಕೋಡಿನೊಳಗೆ ಅಡಗಿದ್ದ ಕಾಮೆಂಟ್‌ಗಳು, ‘ಮುಂದಿನ ಸಾಲಿಗೆ ಈ ರೂಲ್ ಬೇಡ’ ಅನ್ನುವಂಥವು. 190 ಇದ್ದವು. ಅದರಲ್ಲಿ 70ಕ್ಕೆ ಈಗ ಅರ್ಥವೇ ಇರಲಿಲ್ಲ. ಅವು ಮುಚ್ಚಿಟ್ಟಿದ್ದ ತಪ್ಪು ಯಾವತ್ತೋ ಹೋಗಿತ್ತು, ಕಾಮೆಂಟ್ ಮಾತ್ರ ಉಳಿದಿತ್ತು. ವರ್ಶನ್ 9 ಇಂಥವನ್ನು ತಾನಾಗಿಯೇ ವಾರ್ನಿಂಗ್ ಆಗಿ ತೋರಿಸುತ್ತದೆ, ನಾನು ಎರರ್‌ಗೆ ಏರಿಸಿದೆ. ಉಳಿದವಕ್ಕೆ ಕಾರಣ ಬರೆಯಲೇಬೇಕು ಅಂತ ಇನ್ನೊಂದು ಪ್ಲಗಿನ್ ರೂಲ್ ಹಾಕಿದೆ. ಎರಡು ಅಡ್ಡಗೆರೆ ಎಳೆದು ಅದರ ಮುಂದೆ ಯಾಕೆ ಅಂತ ಬರೆಯಬೇಕು. ಆವಾಗಲೇ ಒಂದು ಕಡೆ ಕಾರಣ ಬರೆದದ್ದು ಕಾಣಿಸಿತು: ‘ಈ ವಾರ ಸರಿ ಮಾಡುತ್ತೇನೆ.’ ನಾಲ್ಕು ವರ್ಷದ ಹಿಂದಿನದು. ಇದು ಮಾತ್ರ ನನ್ನದೇ.

ಸಿಐನಲ್ಲಿ ಎಷ್ಟು ವಾರ್ನಿಂಗ್‌ವರೆಗೆ ಬಿಡಬಹುದು ಅನ್ನುವ ಮ್ಯಾಕ್ಸ್-ವಾರ್ನಿಂಗ್ಸ್‌ಗೆ 0 ಕೊಟ್ಟೆ. ಇನ್ನು ಯಾರಾದರೂ ರೂಲನ್ನು ಎರರ್‌ನಿಂದ ವಾರ್ನ್‌ಗೆ ಇಳಿಸಿ ಸದ್ದಿಲ್ಲದೆ ಹೋಗಲು ಆಗುವುದಿಲ್ಲ. ಬೇಡ ಅಂದರೆ ಆಫ್ ಅಂತಲೇ ಬರೆದು ರಿವ್ಯೂಗೆ ಕಳಿಸಬೇಕು. ಮೊದಲನೆಯದು ಎರಡು ವಾರದಲ್ಲೇ ಬಂತು. ಆ ಹೊಸ ಹುಡುಗಿಯೇ ಕಳಿಸಿದ್ದು: ಲೂಪ್ ಒಳಗೆ ಅವೇಟ್ ಬೇಡ ಅನ್ನುವ ರೂಲ್ ನಮಗೆ ಹೊಂದುವುದಿಲ್ಲ, ನಮ್ಮ ಎಪಿಐ ಒಂದಾದ ಮೇಲೊಂದು ಕರೆದರೆ ಮಾತ್ರ ಸರಿಯಾಗಿ ಉತ್ತರ ಕೊಡುತ್ತದೆ, ಆಫ್ ಮಾಡೋಣ ಅಂತ. ಜೊತೆಗೆ ಹದಿನೇಳು ಕಡೆ ಆ ರೂಲನ್ನು ಕಾಮೆಂಟ್ ಹಾಕಿ ಮುಚ್ಚಿರುವ ಉದಾಹರಣೆ ಕೊಟ್ಟಿದ್ದರು. ನಾನು ವಾದ ಮಾಡಲು ಕೂತೆ, ಹದಿನೇಳನ್ನೂ ಓದಿದೆ, ಒಪ್ಪಿದೆ.

ಪಟ್ಟಿಗೆ ಸೇರಿದ ಹಳೇ ತಪ್ಪುಗಳು ಮೊದಲ ದಿನ 1,316 ಇದ್ದವು. ಇವತ್ತು ನೋಡಿದಾಗ 871. ಬಹುಪಾಲು ಇನ್ನೂ ಆ ‘ಎನಿ’ಗಳೇ.